ಕಾರ್ಬನ್ ಪೇಪರ್ ಮನೆಯಲ್ಲೇ ಇರಲಿ

ಲಾಲ್‌ಬಾಗ್‌ನಲ್ಲಿ ನಾನು ನಡೆಸುವ ಎಂಬ್ರಾಯ್ಡರಿ ಕ್ಲಾಸಿಗೆ ಸೇರಬೇಕು ಅಂತ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಡಿಸೈನ್ ಪುಸ್ತಕ ನೀವೇ ಕೊಡ್ತೀರಾ, ಇಲ್ಲಾ ನಾವೇ ತರಬೇಕಾ?" ನಾನೂ ಕೊಡುವುದಿಲ್ಲ, ನೀವೂ ತರಬೇಡಿ. ಡಿಸೈನ್ ಬಟ್ಟೆಗೆ ಇಳಿಸುವ ಕಾರ್ಬನ್ ಪೇಪರೂ ಬೇಡ. ಫೋನಿನಲ್ಲಿ ಇಳಿಸಿಕೊಂಡ ಫೋಟೋಗಳಂತೂ ಬೇಡವೇ ಬೇಡ. ಒಂದು ತುಂಡು ಕೋರಾ ಕಾಟನ್ ತನ್ನಿ. ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ್ದಾಗಿರಲಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಬಟ್ಟೆ ಕುಗ್ಗಿ ಹೊಲಿಗೆ ಸುಕ್ಕಾಗುತ್ತದೆ. ಬಟ್ಟೆ ಬಿಗಿಯಾಗಿ ಹಿಡಿಯಲು 6 ಇಂಚಿನ ರಿಂಗ್ ಸಾಕು. 7 ಅಥವಾ 8ನೇ ನಂಬರಿನ ಸೂಜಿ, ಒಂದು ಪೆನ್ಸಿಲ್, ಒಂದು ರಬ್ಬರ್, ಕೂರಲು ಚಾಪೆ. ನೂಲು ನನ್ನ ಹತ್ತಿರ ಇರುತ್ತದೆ.

ಡಿಸೈನ್ ಇಲ್ಲದೆ ಅದೇನು ಕಲಿಸ್ತೀರಿ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೆಲ್ಲರ ಕೈಗೂ ಒಂದು ಹೂವು ಅಭ್ಯಾಸವಾಗಿ ಕೂತುಬಿಟ್ಟಿದೆ. ನಡುವೆ ಒಂದು ಗುಂಡನೆಯ ಚುಕ್ಕಿ. ಸುತ್ತ ಐದು ಒಂದೇ ಸಮದ ಎಸಳು. ಕೆಳಗೊಂದು ಕಡ್ಡಿ, ಕಡ್ಡಿಯ ಆಚೆಗೊಂದು ಈಚೆಗೊಂದು ಎಲೆ. ದಿಂಬಿನ ಕವರಿನ ಮೇಲೆ, ಕರ್ಚೀಫಿನ ಮೂಲೆಯಲ್ಲಿ, ಬ್ಲೌಸಿನ ತೋಳಿನಲ್ಲಿ ಇದೇ ಹೂವು. ಇದು ಯಾವ ಗಿಡದ್ದು ಅಂತ ಯಾರಾದರೂ ಕೇಳಿದ್ದಾರಾ? ಲಾಲ್‌ಬಾಗ್‌ನ 240 ಎಕರೆಯಲ್ಲಿ ನನಗಂತೂ ಸಿಕ್ಕಿಲ್ಲ. ನಿತ್ಯಪುಷ್ಪ ಸ್ವಲ್ಪ ಹತ್ತಿರ ಬರುತ್ತದೆ, ನಿಜ. ಎದುರು ಬದುರು ಎಲೆ, ಐದು ಎಸಳು. ಆದರೆ ಅದನ್ನೂ ಕೈಯಲ್ಲಿ ಹಿಡಿದು ನೋಡಿ. ಒಂದೊಂದು ಎಸಳೂ ಒಂದೇ ಪಕ್ಕಕ್ಕೆ ವಾಲಿಕೊಂಡಿರುತ್ತದೆ. ಎಸಳಿನ ಎಡ ಅರ್ಧ, ಬಲ ಅರ್ಧ ಒಂದೇ ಥರ ಇಲ್ಲ.

ಕ್ಲಾಸು ದೊಡ್ಡದೇನಲ್ಲ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಪಶ್ಚಿಮದ ಗೇಟಿನ ಹತ್ತಿರ ಸೇರುತ್ತೇವೆ, ಮೆಟ್ರೊ ಹತ್ತಿರ ಅಂತ. ಎಂಟು ಹತ್ತು ಜನ ಇದ್ದರೆ ಹೆಚ್ಚು. ಮೊದಲ ಗಂಟೆ ಯಾರೂ ಸೂಜಿ ಮುಟ್ಟುವಂತಿಲ್ಲ. ಕೆಳಗೆ ಬಿದ್ದದ್ದನ್ನು ಆರಿಸಿಕೊಂಡು ಬರಬೇಕು. ಎಲೆ, ಹೂವು, ಗಾಳಿಗೆ ಮುರಿದು ಬಿದ್ದ ರೆಂಬೆ, ಒಣಗಿದ ಕಾಯಿ, ಏನಾದರೂ ಸರಿ. ಗಿಡದಿಂದ ಒಂದು ಎಲೆಯನ್ನೂ ಕೀಳಬಾರದು. ತೋಟದ ನಿಯಮವೂ ಅದೇ, ನನ್ನ ನಿಯಮವೂ ಅದೇ. ಸೂಜಿ ದಾರ ತಂದು ಸುಮ್ನೆ ಎಲೆ ಆರಿಸುತ್ತಾ ಓಡಾಡುವುದು ಕೆಲವರಿಗೆ ಬೇಸರ. ಹೊಸಬರು ಒಬ್ಬಿಬ್ಬರು ಗಡಿಯಾರ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಆರಿಸಿ ತಂದ ಮೇಲೆ ಪ್ರಶ್ನೆ ಶುರು. ಈ ರೆಂಬೆಯಲ್ಲಿ ಎಲೆಗಳು ಹೇಗೆ ಕೂತಿವೆ? ಒಂದರ ಎದುರು ಒಂದಾ, ಒಂದಾದ ಮೇಲೆ ಒಂದಾ? ಸಂಪಿಗೆಯ ರೆಂಬೆ ಸಿಕ್ಕಿದರೆ ನನಗೆ ಹಬ್ಬ. ಅದನ್ನು ತುದಿಯಿಂದ, ಮೇಲಿಂದ ಕೆಳಗೆ ನೋಡಲು ಹೇಳುತ್ತೇನೆ. ಎಲೆಗಳು ಸುರುಳಿಯಾಗಿ ಹತ್ತಿರುತ್ತವೆ. ಒಂದು ಎಲೆ ಇನ್ನೊಂದರ ನೆತ್ತಿಯ ಮೇಲೆ ನೇರವಾಗಿ ಕೂರುವುದಿಲ್ಲ, ಬಿಸಿಲು ಹಂಚಿಕೊಳ್ಳಬೇಕಲ್ಲ. ಇದನ್ನು ಒಮ್ಮೆ ನೋಡಿದವರಿಗೆ ಹೊಲಿಯುವಾಗ ಒಂದು ಫಜೀತಿ ಎದುರಾಗುತ್ತದೆ. ಎಲೆಗಳು ಸುತ್ತಲೂ ಇದ್ದರೆ ಒಂದೆರಡು ಎಲೆ ನಮ್ಮ ಮುಖದ ಕಡೆಗೇ ಚಾಚಿಕೊಂಡಿರುತ್ತವೆ. ಆ ಎಲೆಯ ಪೂರ್ತಿ ಉದ್ದ ಕಾಣುವುದೇ ಇಲ್ಲ. ತುದಿ ಕಾಣುತ್ತದೆ, ಒಂದು ಮಗ್ಗುಲು ಕಾಣುತ್ತದೆ, ಬೆನ್ನು ಸ್ವಲ್ಪ ಕಾಣುತ್ತದೆ. ಅದನ್ನು ಬಟ್ಟೆಯ ಮೇಲೆ ತರುವುದು ನನ್ನ ಇಡೀ ಪಾಠದಲ್ಲಿ ಅತಿ ಕಷ್ಟದ್ದು. ಡಿಸೈನ್ ಪುಸ್ತಕದಲ್ಲಿ ಎಲೆಗಳೆಲ್ಲ ಇಸ್ತ್ರಿ ಮಾಡಿದ ಹಾಗೆ ಅಂಗಾತ ಮಲಗಿರುತ್ತವೆ, ಆ ತಾಪತ್ರಯವೇ ಇಲ್ಲ.

ಈಗ ಫೆಬ್ರವರಿ. ಟಬೆಬುಯಾ ಮರ ಹೂ ಬಿಡುವ ಕಾಲ. ಗುಲಾಬಿ ಬಣ್ಣದ ಟಬೆಬುಯಾ ಎಲೆ ಬಿದ್ದಿದ್ದರೆ ಅದನ್ನು ಎತ್ತಿ ತೋರಿಸಿ "ಎಷ್ಟು ಎಲೆ?" ಅಂತ ಕೇಳುತ್ತೇನೆ. "ಐದು" ಅನ್ನುತ್ತಾರೆ. ಅದು ಒಂದೇ ಎಲೆ. ಐದು ಕಿರುಎಲೆಗಳು ಸೇರಿ ಆದ ಒಂದು ಎಲೆ. ಹೇಗೆ ಗೊತ್ತಾಗುತ್ತದೆ ಅಂದರೆ, ಎಲೆಯ ತೊಟ್ಟು ರೆಂಬೆಗೆ ಸೇರುವ ಸಂದಿಯಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಮೊಗ್ಗು ಎಲ್ಲಿದೆಯೋ ಅಲ್ಲಿಂದ ಎಲೆ ಶುರು. ಹೊಲಿಗೆಗೆ ಇದರಿಂದ ಏನಾಗಬೇಕು ಅಂತೀರಾ? ಆಗಬೇಕು. ಐದು ಬೇರೆ ಬೇರೆ ಎಲೆ ಅಂದುಕೊಂಡವರು ಐದಕ್ಕೂ ಒಂದೇ ಅಳತೆ ಹಾಕುತ್ತಾರೆ. ಒಂದೇ ಎಲೆ ಅಂತ ಗೊತ್ತಿರುವವರಿಗೆ ನಡುವಿನದು ದೊಡ್ಡದು, ಬುಡದ ಎರಡು ಚಿಕ್ಕವು, ತೊಟ್ಟು ದಪ್ಪ ಅನ್ನುವುದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಹೂವಿನ ವಿಷಯದಲ್ಲಿ ಇನ್ನೂ ಮಜಾ. ಗುಲ್‌ಮೊಹರ್‌ಗೆ ಐದು ಎಸಳು, ಸರಿ. ಆದರೆ ಐದರಲ್ಲಿ ಒಂದು ಬೇರೆ. ಅದು ಬಿಳಿಯಾಗಿ, ಮೇಲೆ ಕೆಂಪು ಚುಕ್ಕಿ ಗೆರೆಗಳಿರುತ್ತವೆ. ಮೇ ತಿಂಗಳಿಡೀ ಬೆಂಗಳೂರಿನ ರಸ್ತೆಗಳಲ್ಲಿ ಬಿದ್ದಿರುವ ಹೂವು ಇದು. ತುಳಿದುಕೊಂಡೇ ಓಡಾಡಿದ್ದೇವೆ. ಆದರೂ "ಐದೂ ಕೆಂಪೇ ಅಲ್ವಾ ಮೇಡಂ?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸೀತೆಯ ಅಶೋಕಕ್ಕೆ ಹೋದರೆ ಎಸಳೇ ಇಲ್ಲ! ಕಿತ್ತಳೆ ಬಣ್ಣದಲ್ಲಿ ಗೊಂಚಲಾಗಿ ಕಾಣುವುದು ಪುಷ್ಪಪತ್ರ, ಹೂವಿನ ಹೊರಕವಚ. ಅದರಿಂದ ಉದ್ದುದ್ದ ಕೇಸರಗಳು ಹೊರಗೆ ಚಾಚಿರುತ್ತವೆ. ಹೂವು ಹಳೆಯದಾದ ಹಾಗೆ ಹಳದಿ ಕಿತ್ತಳೆ ಬಣ್ಣ ಕೆಂಪಿಗೆ ತಿರುಗುತ್ತದೆ. ಒಂದೇ ಗೊಂಚಲಿನಲ್ಲಿ ನಾಲ್ಕು ಬಣ್ಣದ ನೂಲು ಬೇಕು. ಅಂದ ಹಾಗೆ, ಮನೆ ಕಾಂಪೌಂಡಿನ ಪಕ್ಕ ಕಂಬದ ಹಾಗೆ ನಿಂತಿರುತ್ತಲ್ಲ, ಎಲೆಯಂಚು ಅಲೆಅಲೆಯಾಗಿರುವ ಮರ, ಅದು ಈ ಅಶೋಕ ಅಲ್ಲ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈಕೆಗೇನು ಇಷ್ಟೊಂದು ಹಟ ಅನ್ನಿಸಬಹುದು. ನಾನು ಧಾರವಾಡದವಳು. ಕಸೂತಿ ಹಾಕಲು ಕಲಿಸಿದ್ದು ಅಜ್ಜಿ. ಚಂದ್ರಕಾಳಿ ಸೀರೆಯ ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಬ್ಬಿಸುತ್ತಿದ್ದಳು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ಈ ನಾಲ್ಕು ಹೊಲಿಗೆಯಲ್ಲಿ ಅವಳ ಇಡೀ ಪ್ರಪಂಚ ಇತ್ತು. ಗೆರೆ ಎಳೆಯುವಂತಿಲ್ಲ, ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದುಕೊಂಡು ಹೋಗಿ, ಬರುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರಬೇಕು. ಮುಗಿದ ಮೇಲೆ ಬಟ್ಟೆಯ ಮುಂದೂ ಹಿಂದೂ ಒಂದೇ. ನಾನು ಶಾಲೆಯಿಂದ ತಂದ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಲು ಹೋದರೆ ಕಸಿದುಕೊಳ್ಳುತ್ತಿದ್ದಳು. "ಎಳಿ ಎಣಸಾಕ ಬಂದ್ರ ಸಾಕು, ಗೆರಿ ಯಾಕ ಬೇಕ?"

ಆಮೇಲೆ ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ತೆಗೆದುಕೊಂಡೆ. ಪ್ರಾಕ್ಟಿಕಲ್ ರೆಕಾರ್ಡ್ ಬರೆದವರಿಗೆ ಗೊತ್ತು. ಚೂಪು ಮಾಡಿದ ಪೆನ್ಸಿಲು, ಒಂದೇ ಗೆರೆ. ಗೀಚಿ ನೆರಳು ತುಂಬುವಂತಿಲ್ಲ, ಬೇಕಾದರೆ ಚುಕ್ಕಿ ಇಡಬಹುದು. ಕಂಡದ್ದನ್ನು ಬರೆಯಬೇಕು, ಪುಸ್ತಕದಲ್ಲಿ ಇದ್ದದ್ದನ್ನಲ್ಲ. ಅಜ್ಜಿ, ಸಸ್ಯಶಾಸ್ತ್ರ, ಈ ಇಬ್ಬರು ಗುರುಗಳೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಾತು ಹೇಳಿದರು: ನಕಲು ಬೇಡ, ಕಣ್ಣಿಟ್ಟು ನೋಡಿ ಮಾಡು. ಮದುವೆಯಾಗಿ ಬೆಂಗಳೂರಿಗೆ ಬಂದೆ. ಪಿಯು ಕಾಲೇಜಿನಲ್ಲಿ ಪಾಠ ಹೇಳಿದೆ. ನಿವೃತ್ತಿಯಾದ ಮೇಲೆ ಎರಡೂ ಸೇರಿಕೊಂಡವು.

ಕಸೂತಿಯನ್ನೇ ಯಾಕೆ ಕಲಿಸುವುದಿಲ್ಲ ಅಂತ ಊರ ಕಡೆಯವರು ಬೈಯುತ್ತಾರೆ. ಕಲಿಸುತ್ತೇನೆ, ಮನೆಯಲ್ಲಿ, ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಮೇಲೆ. ಆದರೆ ಕಸೂತಿಗೆ ಬಟ್ಟೆಯ ಎಳೆಗಳೇ ಯಜಮಾನರು. ನೇರ ಹೋಗಬಹುದು, ಅಡ್ಡ ಹೋಗಬಹುದು, ಓರೆ ಹೋಗಬಹುದು. ತಾವರೆ ಕೂಡ ಮೆಟ್ಟಿಲು ಮೆಟ್ಟಿಲಾಗಿಯೇ ಅರಳಬೇಕು. ಅದರ ಚೆಂದವೇ ಬೇರೆ. ಗಿಡದ ಕೆಳಗೆ ಕೂತು ಆ ಗಿಡವನ್ನೇ ಹೊಲಿಯಬೇಕಾದರೆ ಬಾಗುವ ಗೆರೆ ಬೇಕಾಗುತ್ತದೆ.

ಪೆನ್ಸಿಲ್ ತನ್ನಿ ಅಂದೆನಲ್ಲ, ಅಜ್ಜಿಗಿಂತ ನಾನು ಅಷ್ಟು ಮಟ್ಟಿಗೆ ಸಡಿಲ. ಆದರೆ ಬಟ್ಟೆಯ ಮೇಲೆ ತೆಳ್ಳಗೆ ಮೂರೇ ಗೆರೆ: ಕಡ್ಡಿ ಹೋಗುವ ದಾರಿ, ಎಲೆಯ ನಡುನರ, ಹೂವಿನ ಸುತ್ತಳತೆ. ಉಳಿದದ್ದು ಸೂಜಿಯೇ ಹುಡುಕಿಕೊಳ್ಳಬೇಕು. ನಡುನರ ಯಾಕೆ ಅಂದರೆ ಅದು ಬಾಗಿದ ಹಾಗೆ ಎಲೆ ಬಾಗುತ್ತದೆ. ಅಂಚನ್ನು ಮೊದಲು ಬರೆದುಕೊಂಡವರ ಎಲೆ ಸತ್ತ ಮೀನಿನ ಥರ ಕಾಣುತ್ತದೆ. ಖಂಡಿತ.

ಇನ್ನು ಬಣ್ಣ. ಇದರ ಬಗ್ಗೆ ನಾನು ಮಾತಾಡಲು ಶುರು ಮಾಡಿದರೆ ಹಳೆಯ ವಿದ್ಯಾರ್ಥಿಗಳು ಕಾಫಿ ಫ್ಲಾಸ್ಕ್ ತೆಗೆಯುತ್ತಾರೆ. ನೂಲಿನ ಡಬ್ಬಿಯಲ್ಲಿ ಕೈ ಹಾಕಿದವರು ಎಲೆಗೆ ಅಂತ ಎತ್ತಿಕೊಳ್ಳುವುದು ಗಿಳಿಹಸಿರು. ಎಲೆ ಅಂದರೆ ಹಸಿರು, ಅಷ್ಟೇ ತಲೆಯಲ್ಲಿರುತ್ತದೆ. ಕೈಯಲ್ಲಿರುವ ಎಲೆಯನ್ನು ಆ ಲಡಿಯ ಪಕ್ಕ ಇಟ್ಟು ನೋಡಿ ಅನ್ನುತ್ತೇನೆ. ಹಲಸಿನ ಎಲೆಯ ಮೇಲ್ಮೈ ಕಪ್ಪಿಗೆ ತಿರುಗಿದ ಹಸಿರು, ಕೆಳಮೈ ಮಾಸಲು. ಅರಳಿಯ ಚಿಗುರು ತಾಮ್ರದ ಬಣ್ಣ. ಕಾಡುಬಾದಾಮಿ ಎಲೆ ಈ ತಿಂಗಳು ಉದುರುವ ಮೊದಲು ಕೆಂಪಾಗುತ್ತದೆ. ಅದೂ ಪೂರ್ತಿ ಒಂದೇ ಕೆಂಪಲ್ಲ. ನರದ ಪಕ್ಕ ಇನ್ನೂ ಹಸಿರು ಉಳಿದಿರುತ್ತದೆ, ಒಂದು ಕಡೆ ಹಳದಿ, ಅಂಚಿನ ಹತ್ತಿರ ಕಂದು. ಕಳೆದ ವಾರ ಒಬ್ಬರು ಇದೇ ಎಲೆಯನ್ನು ಹಿಡಿದುಕೊಂಡು ಒಂಬತ್ತು ಬಣ್ಣದ ಎಳೆ ಆರಿಸಿದರು. ಅದರಲ್ಲಿ ಹಸಿರು ಎರಡೇ.

ಎಲ್ಲಿ ಕೂತು ಬಣ್ಣ ಆರಿಸುತ್ತೀರಿ ಅನ್ನುವುದೂ ಮುಖ್ಯ. ಮರದ ಕೆಳಗಿನ ಬೆಳಕಿನಲ್ಲಿ ಹಸಿರು ಬೆರೆತಿರುತ್ತದೆ. ಎಲೆಗಳು ಬಿಸಿಲಿನ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು, ಹಸಿರನ್ನು ಜಾಸ್ತಿ ಕೆಳಕ್ಕೆ ಬಿಡುತ್ತವೆ. ಅಲ್ಲಿ ಕೂತು ಆರಿಸಿದ ಕೆಂಪು ನೂಲು ಮನೆಗೆ ಹೋಗಿ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಲಡಿ, ಎಲೆ ಎರಡನ್ನೂ ಹಿಡಿದುಕೊಂಡು ಬಯಲಿಗೆ ಹೋಗಬೇಕು. ಸುಡುಬಿಸಿಲಲ್ಲೂ ಬೇಡ, ಅಲ್ಲಿ ಎಲ್ಲವೂ ಬೆಳ್ಳಗೆ ಕಾಣುತ್ತದೆ. ಬೆನ್ನಿಗೆ ಬಿಸಿಲು ಕೊಟ್ಟು ನಮ್ಮದೇ ನೆರಳಿನಲ್ಲಿ ಹಿಡಿದು ನೋಡಿದರೆ ಸರಿಯಾಗಿ ಗೊತ್ತಾಗುತ್ತದೆ. ಹೊಂದುವ ಬಣ್ಣ ಡಬ್ಬಿಯಲ್ಲಿ ಇಲ್ಲದಿದ್ದರೆ? ಆಂಕರ್ ನೂಲು ಒಂದರಲ್ಲಿ ಆರು ಎಳೆ ಇರುತ್ತದೆ. ಬಿಡಿಸಿ, ಒಂದು ಬಣ್ಣದಲ್ಲಿ ಒಂದೆಳೆ, ಇನ್ನೊಂದರಲ್ಲಿ ಒಂದೆಳೆ ತೆಗೆದು ಒಂದೇ ಸೂಜಿಗೆ ಪೋಣಿಸಿ. ದೂರದಿಂದ ಮೂರನೇ ಬಣ್ಣ ಹುಟ್ಟುತ್ತದೆ. ರಾಜಾ ಮಾರ್ಕೆಟ್ಟಿಗೆ ಹೋಗಿ ಸಿಕ್ಕಿದ ಬಣ್ಣವನ್ನೆಲ್ಲ ಕೊಂಡು ತರುವ ಚಟ ಇದರಿಂದ ಸ್ವಲ್ಪ ಕಮ್ಮಿಯಾಗುತ್ತದೆ. ನನ್ನದು ಕಮ್ಮಿಯಾಗಿಲ್ಲ, ಅದು ಬೇರೆ ಮಾತು.

ಹೊಳಪಿಗೂ ಒಂದು ಉಪಾಯ ಇದೆ. ಒಂದೇ ಬಣ್ಣದ ನೂಲನ್ನು ಉದ್ದಕ್ಕೆ ಹೊಲಿದರೆ ಒಂದು ಥರ ಹೊಳೆಯುತ್ತದೆ, ಓರೆಯಾಗಿ ಹೊಲಿದರೆ ಇನ್ನೊಂದು ಥರ. ಎಲೆಯ ಎಡ ಭಾಗಕ್ಕೆ ಒಂದು ಓರೆ, ಬಲ ಭಾಗಕ್ಕೆ ಅದರ ಎದುರು ಓರೆ ಕೊಟ್ಟರೆ ಎಲೆ ನಡುವೆ ಮಡಿಸಿದ ಹಾಗೆ ಕಾಣುತ್ತದೆ. ಬಣ್ಣ ಬದಲಿಸುವ ಅಗತ್ಯವೇ ಇಲ್ಲ.

ಹೊಲಿಗೆಗಳ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಈಗ ಫೋನಿನಲ್ಲೇ ಎಲ್ಲ ಕಲಿತು ಬರುತ್ತಾರೆ. ಯಾವ ಗಿಡಕ್ಕೆ ಯಾವುದು ಅನ್ನುವಲ್ಲಿ ತಡವರಿಸುತ್ತಾರೆ. ಎಲೆ ಅಂದ ತಕ್ಷಣ ಫಿಶ್‌ಬೋನ್ ಹಾಕುತ್ತಾರೆ. ಅದು ನಡುನರದಿಂದ ಅಂಚಿನವರೆಗೆ ನೇರವಾಗಿ ಹೋಗುವ ಹೊಲಿಗೆ. ಎಲ್ಲ ಎಲೆಯಲ್ಲೂ ಪಕ್ಕದ ನರಗಳು ಅಂಚಿನವರೆಗೆ ಹೋಗುವುದಿಲ್ಲ. ನೇರಳೆ ಎಲೆಯನ್ನು ಬೆಳಕಿಗೆ ಹಿಡಿಯಿರಿ. ಒತ್ತೊತ್ತಾಗಿ ಹೊರಟ ಸಣ್ಣ ನರಗಳು ಅಂಚಿಗೆ ಕೂದಲೆಳೆಯಷ್ಟು ಮೊದಲೇ ನಿಂತು, ಅಂಚಿನ ಗುಂಟ ಓಡುವ ಇನ್ನೊಂದು ನರಕ್ಕೆ ಸೇರಿಕೊಳ್ಳುತ್ತವೆ. ಎಲೆಗೆ ಒಳಗಿನಿಂದ ಪೈಪಿಂಗ್ ಇಟ್ಟ ಹಾಗೆ. ನೇರಳೆಗೆ ಮೊದಲು ಸ್ಯಾಟಿನ್, ಅಂದರೆ ಪಕ್ಕಪಕ್ಕ ಒತ್ತಾಗಿ ಹಾಕುವ ಉದ್ದ ಹೊಲಿಗೆ, ತುಂಬಿ, ಮೇಲೆ ಒಂದೆಳೆಯಲ್ಲಿ ಬ್ಯಾಕ್ ಸ್ಟಿಚ್ ಹಾಕಿ ಆ ಅಂಚುನರವನ್ನು ತೋರಿಸಬೇಕು. ಬಾಳೆ, ಶುಂಠಿ ಜಾತಿಯ ಗಿಡಗಳಿಗೆ ನರಗಳು ಒಂದಕ್ಕೊಂದು ಸಮಾನಾಂತರ, ಅಲ್ಲಿ ಬರೀ ಸ್ಯಾಟಿನ್ ಸಾಕು. ಜಕರಂಡಾ ಎಲೆಯನ್ನು ಯಾರಾದರೂ ಆರಿಸಿಕೊಂಡು ಬಂದರೆ ನಾನು ಮೊದಲೇ ಎಚ್ಚರಿಸುತ್ತೇನೆ. ಕಡ್ಡಿಯಿಂದ ಕಡ್ಡಿ, ಆ ಕಡ್ಡಿಗಳ ತುಂಬಾ ಸಣ್ಣ ಸಣ್ಣ ಕಿರುಎಲೆ. ಒಂದೊಂದಕ್ಕೂ ಒಂದೊಂದು ಚುಟುಕು ಹೊಲಿಗೆ. ಹಟ ಇದ್ದವರಿಗೆ ಮಾತ್ರ.

ಕಡ್ಡಿ, ಬಳ್ಳಿಗೆ ಹುರಿಯ ಹಾಗೆ ಕಾಣುವ ಸ್ಟೆಮ್ ಸ್ಟಿಚ್ ಹಾಕುವಾಗ ದಾರವನ್ನು ಯಾವಾಗಲೂ ಸೂಜಿಯ ಒಂದೇ ಪಕ್ಕಕ್ಕೆ ಇಟ್ಟುಕೊಳ್ಳಿ ಅಂತ ಎಲ್ಲ ಟೀಚರ್‌ಗಳೂ ಹೇಳುತ್ತಾರೆ. ನಡುವೆ ಪಕ್ಕ ಬದಲಾದರೆ ಹುರಿ ಬಿಚ್ಚಿದ ಹಾಗೆ ಕಾಣುತ್ತದೆ. ಬಳ್ಳಿಯೂ ಹಾಗೆಯೇ, ಒಂದು ಜಾತಿಯ ಬಳ್ಳಿ ಸಾಮಾನ್ಯವಾಗಿ ಒಂದೇ ಕಡೆಗೆ ಸುತ್ತಿಕೊಂಡು ಹತ್ತುತ್ತದೆ. ಯಾವ ಕಡೆಗೆ ಅಂತ ನೋಡಿ, ದಾರದ ಪಕ್ಕ ಅದಕ್ಕೆ ತಕ್ಕ ಹಾಗೆ ಆರಿಸಿಕೊಳ್ಳಿ. ಯಾರೂ ಗಮನಿಸುವುದಿಲ್ಲ, ನಿಜ. ನಿಮಗೆ ಗೊತ್ತಿರುತ್ತದೆ.

ತುಂಬಾ ಜನ ಕೇಳಿಕೊಂಡು ಬರುವುದು ನಾಗಲಿಂಗಕ್ಕೆ. ದಕ್ಷಿಣ ಅಮೆರಿಕದ ಮರ, ನಮ್ಮ ಶಿವನಿಗೆ ಹೂವು ಕೊಡುತ್ತಾ ಇಲ್ಲಿಯದೇ ಆಗಿಹೋಗಿದೆ. ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡದಿಂದಲೇ ನೇತಾಡುವ ಕಡ್ಡಿಗಳಲ್ಲಿ ಬಿಡುತ್ತದೆ. ಆರು ದಪ್ಪ ಎಸಳು, ಒಳಗೆ ಕೆಂಪು ಗುಲಾಬಿ, ಹೊರಗೆ ಹಳದಿ ಛಾಯೆ. ಎಸಳು ಒಳಕ್ಕೆ ಬಾಗಿರುವುದರಿಂದ ಎರಡೂ ಬಣ್ಣ ಒಟ್ಟಿಗೇ ಕಾಣಬೇಕು. ತೆಳ್ಳಗೆ ಹೊಲಿದರೆ ಅದರ ತಿರುಳು ಬರುವುದಿಲ್ಲ. ಮೊದಲು ಚೈನ್ ಸ್ಟಿಚ್ ಸಾಲುಗಳಲ್ಲಿ ಎಸಳನ್ನು ತುಂಬಿ ಎತ್ತರ ಮಾಡಿಕೊಂಡು, ಅದರ ಮೇಲೆ ಲಾಂಗ್ ಅಂಡ್ ಶಾರ್ಟ್, ಅಂದರೆ ಒಂದು ಉದ್ದ ಒಂದು ಗಿಡ್ಡ ಹೊಲಿಗೆ, ಹಾಕಿಸುತ್ತೇನೆ.

ನಡುವಿನ ಭಾಗದಲ್ಲಿ ಜನ ಲಿಂಗವನ್ನೂ ಅದರ ಮೇಲೆ ಹೆಡೆಯನ್ನೂ ಕಾಣುತ್ತಾರೆ. ಗಿಡಕ್ಕೆ ಲಿಂಗ ಅಂದರೆ ನಡುವಿನ ಅಂಡಾಶಯ, ಅದರ ಸುತ್ತಲಿನದೂ ಹೆಡೆಯೊಳಗಿನದೂ ಕೇಸರಗಳು. ಕೆಳಗೆ ಉಂಗುರದ ಹಾಗೆ ಕೂತ ಗಿಡ್ಡ ಕೇಸರಗಳು, ಹೆಡೆಯ ಒಳಗೆ ಜೋತುಬಿದ್ದ ಇನ್ನೊಂದು ಥರದವು. ಬೀಜ ಕಟ್ಟಲು ಬೇಕಾದ ಪರಾಗ ಇರುವುದು ಉಂಗುರದಲ್ಲಿ. ಹೆಡೆಯಲ್ಲಿರುವುದು ದುಂಬಿ ಜೇನುಗಳಿಗೆ ಊಟ. ಊಟಕ್ಕೆ ಅಂತ ಒಳಗೆ ನುಗ್ಗಿದ ದುಂಬಿಯ ಬೆನ್ನಿಗೆ ಉಂಗುರದ ಪರಾಗ ಮೆತ್ತಿಕೊಳ್ಳುತ್ತದೆ. ಇದು ಗೊತ್ತಾದ ಮೇಲೆ ಎರಡಕ್ಕೂ ಒಂದೇ ಹೊಲಿಗೆ ಹಾಕಲು ಮನಸ್ಸು ಬರುವುದಿಲ್ಲ. ಉಂಗುರಕ್ಕೆ ಒಂದೆಳೆಯ ಪುಟ್ಟ ಫ್ರೆಂಚ್ ನಾಟ್ ಗಂಟುಗಳು, ಒತ್ತಾಗಿ. ಹೆಡೆಗೆ ಟರ್ಕಿ ವರ್ಕ್: ಕುಣಿಕೆ ಬಿಟ್ಟುಕೊಂಡು ಹೊಲಿದು, ಆಮೇಲೆ ಕತ್ತರಿಸಿ ಕುಚ್ಚು ಮಾಡುವುದು. ಕತ್ತರಿ ಹಾಕುವಾಗ ಎಲ್ಲರ ಉಸಿರೂ ನಿಂತಿರುತ್ತದೆ. ಈ ಒಂದು ಹೂವಿಗೆ ವಾರಗಟ್ಟಲೆ ಹಿಡಿಯುತ್ತದೆ. ಪಕ್ಕದಲ್ಲಿಟ್ಟುಕೊಂಡ ಹೂವು ಮಧ್ಯಾಹ್ನದೊಳಗೆ ಬಾಡುತ್ತದೆ. ಮುಂದಿನ ವಾರ ಇನ್ನೊಂದು ಬಿದ್ದ ಹೂವು ಹುಡುಕಬೇಕು. ಅದು ಮೊದಲಿನದರ ಹಾಗೆ ಇರುವುದಿಲ್ಲ ಅನ್ನುವುದು ಅವರಿಗೆ ಸಿಗುವ ಉಚಿತ ಪಾಠ.

ನನ್ನ ಸಿಲಬಸ್ ಬರೆದವರು ಕ್ರುಂಬಿಗಲ್ ಅಂತ ನಾನು ತಮಾಷೆ ಮಾಡುವುದುಂಟು. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಜರ್ಮನಿಯವರು. ಲಂಡನ್ನಿನ ಕ್ಯೂ ಎಂಬ ಸಸ್ಯತೋಟದಲ್ಲಿ ಕೆಲಸ ಮಾಡಿ, ಬರೋಡಾಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರುವಾಗಬೇಕು, ವರ್ಷವಿಡೀ ಎಲ್ಲೋ ಒಂದು ಕಡೆ ಹೂವಿರಬೇಕು ಅನ್ನುವ ಲೆಕ್ಕದಲ್ಲಿ ಮರ ಹಾಕಿಸಿದ್ದು ಅವರು. ಆ ಲೆಕ್ಕ ನನಗೆ ಈಗಲೂ ಅನ್ನ ಹಾಕುತ್ತಿದೆ. ಚಳಿ ಮುಗಿಯುವಾಗ ಕೆಂಪು ಬೂರುಗ, ಮುತ್ತುಗ, ಟಬೆಬುಯಾ. ಯುಗಾದಿ ಹೊತ್ತಿಗೆ ಹೊಂಗೆ, ಜಕರಂಡಾ. ಬೇಸಿಗೆಗೆ ಕಕ್ಕೆ, ಗುಲ್‌ಮೊಹರ್. ಮಳೆಗಾಲದಲ್ಲಿ ಹೊರಗೆ ಕೂರುವುದೇ ಕಷ್ಟ. ಮಳೆ ಕಳೆದ ಮೇಲೆ ಆಕಾಶಮಲ್ಲಿಗೆ, ಬೆಳಗಿನ ಹೊತ್ತು ನೆಲದ ತುಂಬಾ ಬಿಳಿ ಕೊಳವೆಗಳು. ಅದನ್ನು ಬಿಳಿ ಬಟ್ಟೆಯ ಮೇಲೆ ಬಿಳಿ ನೂಲಿನಲ್ಲೇ ಹೊಲಿಸುತ್ತೇನೆ. ನೋಡಲು ಸುಲಭ, ಮಾಡಲು ಅಲ್ಲ.

ಹೊರಗೆ ಕೂತು ಕಲಿಸುವುದರ ಕಷ್ಟಗಳನ್ನೂ ಹೇಳಿಬಿಡುತ್ತೇನೆ. ದೊಡ್ಡ ಭಯ ಸೂಜಿ. ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಬೆಳಿಗ್ಗೆ ಬರಿಗಾಲಲ್ಲಿ ನಡೆಯುವವರು ಎಷ್ಟೊಂದು ಜನ, ಮಕ್ಕಳು ಬೇರೆ. ಬರುವಾಗ ಎಲ್ಲರ ಸೂಜಿ ಎಣಿಸಿ ಬರೆದುಕೊಳ್ಳುತ್ತೇನೆ, ಏಳುವಾಗ ಮತ್ತೆ ಎಣಿಸುತ್ತೇನೆ. ಲೆಕ್ಕ ಸರಿಬರದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ದಾರಕ್ಕೆ ಕಟ್ಟಿದ ಅಯಸ್ಕಾಂತ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಇರುವೆ ಇನ್ನೊಂದು. ನಾಗಲಿಂಗದ ಕೆಳಗೆ ಕೂರಲೇಬಾರದು, ಇರುವೆಗಿಂತ ಕಾಯಿಯ ಭಯ. ಫಿರಂಗಿ ಗುಂಡಿನ ಗಾತ್ರದ ಕಾಯಿ ಅದು. ಬಿದ್ದು ಒಡೆದರೆ ವಾಸನೆ ಬೇರೆ. ಜನವರಿ, ಆಗಸ್ಟಿನ ಫ್ಲವರ್ ಶೋ ದಿನಗಳಲ್ಲಿ ಕ್ಲಾಸಿಗೆ ರಜೆ. ಗಾಜಿನಮನೆಯ ಕಡೆ ತಲೆಯ ಮೇಲೆ ತಲೆ, ಚಾಪೆ ಹಾಸಲು ಜಾಗ ಎಲ್ಲಿ? ಉಳಿದ ದಿನ ವಾಕಿಂಗ್‌ನವರು ನಿಂತು ನೋಡುತ್ತಾರೆ. "ಇದನ್ನ ಮಾರ್ತೀರಾ? ಎಷ್ಟಕ್ಕೆ?" ಅಂತ ಕೇಳುತ್ತಾರೆ. ಬೆಲೆ ಹೇಳುವುದಿಲ್ಲ, ಒಂದು ಎಲೆಗೆ ಎಷ್ಟು ಗಂಟೆ ಹಿಡಿಯಿತು ಅಂತ ಹೇಳುತ್ತೇನೆ. ಆಮೇಲೆ ಅವರೇ ಮಾತು ಬದಲಿಸುತ್ತಾರೆ.

ಈ ತೋಟದಲ್ಲಿ ಕೂತು ಗಿಡ ನೋಡಿ ಚಿತ್ರ ಬರೆದವರು ಹಿಂದೆಯೂ ಇದ್ದರು. ಜಾನ್ ಕ್ಯಾಮರಾನ್ ಮೇಲ್ವಿಚಾರಕರಾಗಿದ್ದ ಕಾಲದಲ್ಲಿ ಚೆಲುವಯ್ಯ ರಾಜು ಲಾಲ್‌ಬಾಗ್‌ನ ಗಿಡಗಳನ್ನು ಬಣ್ಣದಲ್ಲಿ ಬರೆದರು. ಅದಕ್ಕೂ ಮೊದಲು ಮದ್ರಾಸ್ ಕಡೆ ರಂಗಯ್ಯ, ಗೋವಿಂದು ಎಂಬಿಬ್ಬರು ರಾಬರ್ಟ್ ವೈಟ್ ಎಂಬ ಸ್ಕಾಟ್ಲೆಂಡಿನ ವೈದ್ಯನಿಗಾಗಿ ದಕ್ಷಿಣ ಭಾರತದ ಗಿಡಗಳನ್ನು ಬರೆದುಕೊಟ್ಟಿದ್ದರು. ಅವರ ಚಿತ್ರಗಳ ಅಚ್ಚು ಪ್ರತಿಗಳನ್ನು ಕ್ಲಾಸಿಗೆ ತಂದು ತೋರಿಸುತ್ತೇನೆ. ನಕಲು ಮಾಡಲು ಅಲ್ಲ. ಎಲೆ ಮಗುಚಿಕೊಂಡಲ್ಲಿ ಬೆನ್ನಿನ ಬಣ್ಣ ಬೇರೆ ಹಾಕಿದ್ದಾರೆ, ಅದನ್ನು ನೋಡಲಿ ಅಂತ.

ಬರುವವರು ಎಂಥವರು ಅಂತ ಕೇಳಬೇಡಿ, ಎಲ್ಲ ಥರದವರೂ. ಸಾಫ್ಟ್‌ವೇರ್ ಕೆಲಸದ ಹುಡುಗನೊಬ್ಬ ಬರುತ್ತಾನೆ. ಬಟ್ಟೆಯ ಹಿಂಭಾಗ ಅವನಷ್ಟು ಚೊಕ್ಕವಾಗಿ ಇಟ್ಟುಕೊಳ್ಳುವವರು ಇಲ್ಲ. ಅಜ್ಜಿ ಇದ್ದಿದ್ದರೆ ಅವನನ್ನೇ ಮೊಮ್ಮಗ ಮಾಡಿಕೊಳ್ಳುತ್ತಿದ್ದಳು. ಎಪ್ಪತ್ತು ದಾಟಿದ ಒಬ್ಬರು ಇದ್ದಾರೆ, ಕೈ ನಡುಗುತ್ತದೆ. ಅವರಿಗೆ ನುಣುಪಾದ ಎಸಳು ಸಾಧ್ಯವಿಲ್ಲ ಅಂತ ಮೊದಲ ದಿನವೇ ಇಬ್ಬರಿಗೂ ಗೊತ್ತಾಯಿತು. ಕೆರೆಯ ಕಡೆ ಇರುವ ಹಳೆಯ ಬಿಳಿ ಬೂರುಗದ ಹತ್ತಿರ ಕರೆದುಕೊಂಡು ಹೋದೆ. ಗೋಡೆಗಳ ಹಾಗೆ ಎದ್ದು ನಿಂತ ಅದರ ಬೇರುಗಳು, ಸುಕ್ಕು, ಉಬ್ಬು, ಗಾಯದ ಗುರುತು. ಅವರು ಆ ತೊಗಟೆಯನ್ನು ಬೂದು ಬಣ್ಣದ ಚುಟುಕು ಹೊಲಿಗೆಯಲ್ಲಿ, ಒಂದು ಆ ಕಡೆ ಒಂದು ಈ ಕಡೆ, ತುಂಬುತ್ತಾ ಬಂದಿದ್ದಾರೆ. ನಡುಗುವ ಕೈಯ ಹೊಲಿಗೆ ಅಲ್ಲಿ ಎಷ್ಟು ಸರಿಯಾಗಿ ಕೂತಿದೆ ಅಂದರೆ, ನನ್ನ ಕೈಯಲ್ಲಿ ಅದು ಆಗುವುದಿಲ್ಲ. ಪ್ರಯತ್ನಿಸಿ ನೋಡಿದ್ದೇನೆ.

ಇನ್ನೊಬ್ಬಳು ಹತ್ತು ವರ್ಷದ ಹುಡುಗಿ, ಅಮ್ಮನ ಜೊತೆ ಬರುತ್ತಾಳೆ. ಅವಳು ಆರಿಸಿಕೊಂಡು ಬಂದದ್ದು ಹುಳ ತಿಂದ ಎಲೆ. ಅಮ್ಮ "ಅಯ್ಯೋ, ಚೆನ್ನಾಗಿರೋದು ತಗೊಂಡು ಬಾರೇ" ಅಂದರು. "ಆಂಟಿ, ತೂತನ್ನ ಹೊಲಿಯೋದು ಹೇಗೆ?" ಅಂತ ಹುಡುಗಿ ನನ್ನ ಹತ್ತಿರ ಬಂದಳು. ಬಟ್ಟೆಗೂ ತೂತು ಮಾಡಿ, ಅಂಚಿಗೆ ಕಂದು ನೂಲಿನಲ್ಲಿ ಬಟನ್‌ಹೋಲ್ ಸ್ಟಿಚ್ ಹಾಕಿಸಿದೆ. ಆ ವಾರದ ಕೆಲಸಗಳಲ್ಲಿ ಅದೇ ಚೆನ್ನಾಗಿತ್ತು. ಈಗ ಎಲ್ಲರೂ ಹುಳ ತಿಂದ ಎಲೆಯನ್ನೇ ಹುಡುಕುತ್ತಿದ್ದಾರೆ, ಅದು ಬೇರೆ ತಲೆನೋವು.

ಮಾರ್ಚ್‌ಗೆ ಹೊಂಗೆ ತೆಗೆದುಕೊಳ್ಳುತ್ತೇವೆ. ಹಳೆಯ ಎಲೆ ಉದುರಿ, ಎಳೆಯ ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುವ ಸಮಯ ಅದು. ಹಳೆಯ ಎಲೆಗಳ ಮೇಲೆ ಹುಳ ಕೊರೆದ ಬಿಳಿ ಅಂಕುಡೊಂಕು ಗೆರೆಗಳೂ ಸಿಗುತ್ತವೆ, ಹುಡುಗಿಗೆ ಈಗಲೇ ಹೇಳಿಟ್ಟಿದ್ದೇನೆ. ಬರುವವರು ಸೂಜಿ ಎರಡು ತನ್ನಿ, ಮೂರು ಬೇಡ, ಎಣಿಸುವುದು ನಾನು. ಕ್ಲಾಸು ಮುಗಿದ ಮೇಲೆ ಎಂಟಿಆರ್ ಹೋಟೆಲಿಗೆ ಹೋಗುವ ಪದ್ಧತಿ ಇದೆ. ಭಾನುವಾರ ಅಲ್ಲಿ ಕ್ಯೂ ಇರುತ್ತದೆ. ರಿಂಗ್ ಕೈಯಲ್ಲೇ ಇಟ್ಟುಕೊಂಡಿರಿ, ಕ್ಯೂನಲ್ಲಿ ನಿಂತು ಅರ್ಧ ಎಲೆ ಮುಗಿಸಬಹುದು.